ಅರ್ಜಿಯಲ್ಲಿ ನೀನು ಬರೆದ ಕಾರಣ

ಇಂಡಿ
12 ನವೆಂಬರ್ 2025

ಮಗಳೇ ಶೈಲಾ,

ನಿನಗೂ ನಿನ್ನ ಕೂಸಿಗೂ ಅವ್ವನ ಆಶೀರ್ವಾದ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಹಬ್ಬಕ್ಕೊಮ್ಮೆ ಎರಡು ನಿಮಿಷ ಫೋನಿನಲ್ಲಿ ಮಾತಾಡುವ ಅವ್ವ ಈಗ್ಯಾಕೆ ಕಾಗದ ಬರೆದಳು ಎಂದು ನಿನಗೆ ಅನಿಸಬಹುದು. ಫೋನಿನಲ್ಲಿ ನೀನು ಬರೀ ಹೂಂ ಅಂದರೆ ನನ್ನ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಕಾಗದವಾದರೆ ಕೊನೆಯವರೆಗೂ ಹೇಳಬಹುದು.

ಸಾಲಿಯಲ್ಲಿ ಕಲಿಸುವ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಒಂದೇ ರೊಟ್ಟಿಗಾಗಿ ಒಲೆ ಹಚ್ಚಲು ಬೇಸರವೆಂದು ಎರಡು ಬಡಿಯುತ್ತೇನೆ, ಎರಡನೆಯದು ಉಳಿಯುತ್ತದೆ. ಕೆಲವು ದಿನ ಹಾಲಿನವನ ಜೊತೆ ಆಡಿದ ಮಾತೇ ಆ ದಿನದ ಮಾತೆಲ್ಲ. ಹೀಗಿರುವಾಗ ಜುಲೈಯಲ್ಲಿ ವಿಜಯಪುರದ ಒಂದು ಸಂಸ್ಥೆಯವರು ಕೆಲಸ ಕೊಟ್ಟರು. ಓದು ಬಿಟ್ಟವರು ಮತ್ತೆ ಬಂದು ಹತ್ತನೆಯ ಪರೀಕ್ಷೆಗೆ ಕಲಿಯುವ ಕೇಂದ್ರಗಳನ್ನು ಅವರು ನಡೆಸುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಹನ್ನೊಂದು ಕೇಂದ್ರಗಳಿವೆ. ನಾನು ಹೋಗಿ ನೋಡಿ ಒಂದೊಂದಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ನಲವತ್ತಕ್ಕಿಂತ ಕಡಿಮೆ ಬಂದರೆ ಆ ಕೇಂದ್ರ ಮುಚ್ಚುತ್ತದೆ.

ನಿಜ ಹೇಳಬೇಕೆಂದರೆ ನಾನು ಒಪ್ಪಿಕೊಂಡದ್ದು ಬಸ್ಸಿಗಾಗಿ. ಪಕ್ಕದಲ್ಲಿ ಕೂತವರು ಯಾವ ಊರಾತು ಎಂದು ಕೇಳಿದರೂ ನನಗೆ ಅಂದಿನ ಮಟ್ಟಿಗೆ ಸಾಕಾಗುತ್ತಿತ್ತು.

ಅಳೆಯುವ ಕೆಲಸ ಸುಲಭವೆಂದುಕೊಂಡಿದ್ದೆ. ಸೇರಿದವರಲ್ಲಿ ಎಷ್ಟು ಜನ ಉಳಿದರು, ಎಷ್ಟು ದಿನ ಬಂದರು, ಎಷ್ಟು ಜನ ಮೊದಲ ಸಲಕ್ಕೇ ಪಾಸಾದರು, ಇಷ್ಟೇ ನೋಡುವುದು. ಬಾಗೇವಾಡಿ ಕಡೆಯ ಒಂದು ಕೇಂದ್ರಕ್ಕೆ ಎಂಬತ್ತಾರು ಬಂತು. ಸಂತೋಷದಿಂದ ಹೊರಬಿದ್ದೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಹೆಂಗಸೊಬ್ಬಳು ತನ್ನನ್ನು ಯಾಕೆ ಸೇರಿಸಿಕೊಳ್ಳಲಿಲ್ಲವೆಂದು ನನ್ನನ್ನು ಕೇಳಿದಳು. ಆಮೇಲೆ ತಿಳಿಯಿತು, ಅವರು ಮೊದಲೇ ಒಂದು ಪರೀಕ್ಷೆ ಇಟ್ಟು, ಪಾಸಾಗುವಂಥವರನ್ನಷ್ಟೇ ಒಳಗೆ ಬಿಡುತ್ತಿದ್ದರು. ಅದನ್ನು ಬರೆಯಲು ನನ್ನ ನಮೂನೆಯಲ್ಲಿ ಜಾಗವಿರಲಿಲ್ಲ.

ಸೆಪ್ಟೆಂಬರಿನಲ್ಲಿ ನಿಮ್ಮ ನಾಲತವಾಡಕ್ಕೆ ಬಂದೆ. ಹೌದು, ಬಂದಿದ್ದೆ. ನಿನಗೆ ತಿಳಿಸಲಿಲ್ಲ.

ಹಿಟ್ಟಿನ ಗಿರಣಿಯ ಹಿಂದೆ ಕೇಂದ್ರ ನಡೆಯುವ ಆ ಎರಡು ಕೋಣೆಗಳ ಬಗ್ಗೆ ನಿನಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಕಲಿಸುವ ಮೆಹರುನ್ನಿಸಾ ಚಹಾ ತರಿಸಿ, ದಾಖಲೆಗಳನ್ನೆಲ್ಲ ಮುಂದಿಟ್ಟರು. ಕುರಿ ಕಾಯುವ ಬೀರಣ್ಣ ವರ್ಷದಲ್ಲಿ ಮೂವತ್ತೆಂಟು ದಿನವಷ್ಟೇ ಬಂದಿದ್ದ. ಹಿಂಡಿನ ಜೊತೆ ತಿಂಗಳುಗಟ್ಟಲೆ ಅಲೆದು, ಮರಳಿದಾಗ ಕೊಟ್ಟ ಲೆಕ್ಕಗಳನ್ನೆಲ್ಲ ಬಿಡಿಸಿಕೊಂಡೇ ಬರುತ್ತಿದ್ದನಂತೆ. ನಮೂನೆಯ ಪ್ರಕಾರ ಅವನಿಗೆ ಸೊನ್ನೆ. ಬಳೆ ಮಾರುವ ಜನ್ನತಬಿ ನಲವತ್ತೈದನೆಯ ವಯಸ್ಸಿನಲ್ಲಿ ಆರರಲ್ಲಿ ನಾಲ್ಕು ವಿಷಯ ಪಾಸಾಗಿದ್ದಳು. ಆರೂ ಆಗಲಿಲ್ಲವೆಂದು ಅವಳಿಗೂ ಸೊನ್ನೆ. ಕೂಡಿಸಿದಾಗ ಮೂವತ್ತನಾಲ್ಕು ಬಂತು. ನೀವೂ ಪಾಸಾಗುವವರನ್ನೇ ಆರಿಸಿಕೊಳ್ಳಬಹುದಿತ್ತಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ.

"ಬಾಗಿಲಕ್ಕ ಬಂದಾಕಿಗೆ ನೀ ಪಾಸಾಗಂಗಿಲ್ಲ, ಹೋಗು ಅಂತ ಹ್ಯಾಂಗ ಹೇಳ್ಲಿ ರೀ? ಒಮ್ಮಿ ಯಾರೋ ಹಂಗ ಹೇಳಿದ್ದಕ್ಕ ಸಾಲಿ ಬಿಟ್ಟಾರ ಅವ್ರು."

ಕೊನೆಗೆ ಉಳಿದದ್ದು ಸೇರುವಾಗ ಬರೆದುಕೊಟ್ಟ ಅರ್ಜಿಗಳು. ಮೊದಲು ಶಾಲೆ ಬಿಟ್ಟದ್ದು ಯಾಕೆ ಎಂಬ ಪ್ರಶ್ನೆಗೆ ಅವರವರೇ ಬರೆದ ಉತ್ತರ ಓದಿ, ಯಾವ ಕಾರಣಕ್ಕೆ ಎಷ್ಟು ಜನ ಎಂದು ಗೆರೆ ಎಳೆಯಬೇಕು. ಬಡತನ, ಮದುವೆ, ಊರಿಗೆ ಬಸ್ಸಿಲ್ಲ. ಹೀಗೆ ಎಳೆಯುತ್ತ ಹೋದವಳು ಒಂದು ಅಕ್ಷರ ನೋಡಿ ನಿಂತೆ. ಹೆಸರು ಓದುವ ಮೊದಲೇ ಕೈಬರಹ ಗುರುತಾಯಿತು. ಅದನ್ನು ತಿದ್ದಿಸಿದವಳು ನಾನೇ.

ಶೈಲಶ್ರೀ. ತಂದೆ ಖಂಡೆಪ್ಪ. ವಯಸ್ಸು ಇಪ್ಪತ್ತೇಳು. ಕಾರಣ: ತಂದೆ ಬೇಡವೆಂದರು.

ನೀನು ಮತ್ತೆ ಓದುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ನನ್ನ ಮುಖ ನೋಡಿ ಮೆಹರುನ್ನಿಸಾ ಏನು ತಿಳಿದರೋ, ತಾವಾಗಿಯೇ ನಿನ್ನ ವಿಷಯ ಹೇಳಿದರು. ಲೆಕ್ಕದಲ್ಲಿ ನಿನ್ನಷ್ಟು ಚುರುಕಾದವರನ್ನು ಅವರು ನೋಡಿಲ್ಲವಂತೆ. ಮಾರ್ಚಿನಲ್ಲಿ ಲೆಕ್ಕದ ಪರೀಕ್ಷೆಯ ದಿನವೇ ಕೂಸಿಗೆ ಜ್ವರ ಏರಿ ನೀನು ಹೋಗಲಾಗಲಿಲ್ಲವಂತೆ, ಆದರೂ ಮತ್ತೆ ಬಂದು ಕೂತಿದ್ದೀಯಂತೆ. ನಾನು ನಿನ್ನ ತಾಯಿ ಎಂದು ಹೇಳಲಿಲ್ಲ. ಆರಿದ ಚಹಾ ಕುಡಿದು ಎದ್ದೆ. ಆ ಮೂವತ್ತನಾಲ್ಕರಲ್ಲಿ, ಹೆಸರು ನೋಡದೆ ಬರೀ ನಂಬರು ನೋಡಿ ನಾನು ಸೊನ್ನೆ ಹಾಕಿದವರ ಪೈಕಿ ನೀನೂ ಒಬ್ಬಳು.

ವಿಜಯಪುರಕ್ಕೆ ಹೋಗಿ ಸಂಸ್ಥೆಯ ಮುಖ್ಯಸ್ಥರಿಗೆ, ಅಲ್ಲಿ ನನ್ನ ಮಗಳು ಓದುತ್ತಾಳೆ, ನನ್ನ ಅಂಕ ಲೆಕ್ಕಕ್ಕೆ ಹಿಡಿಯಬೇಡಿ ಎಂದೆ. ಬಾಗೇವಾಡಿ ಕಡೆಯ ಆ ಹೆಂಗಸಿನ ಮಾತನ್ನೂ ಬೀರಣ್ಣನ ಮೂವತ್ತೆಂಟು ದಿನಗಳನ್ನೂ ನಾಲ್ಕು ಪುಟ ಬರೆದುಕೊಟ್ಟೆ. ಸೇರಿದ ದಿನ ಏನು ಬರುತ್ತಿತ್ತು, ಈಗ ಏನು ಬರುತ್ತದೆ ಎಂದು ನೋಡದೆ ಅಳೆದರೆ ಅದು ಅಳತೆಯೇ ಅಲ್ಲವೆಂದೆ. ಅವರು ಕೇಳಿಸಿಕೊಂಡರು. ಬೇರೊಬ್ಬರನ್ನು ಕಳಿಸಿ ಆ ರೀತಿಯಲ್ಲೂ ಅಳೆಸಿದರು. ನಿಮ್ಮ ಕೇಂದ್ರ ಮುಂದಿನ ಪರೀಕ್ಷೆಯವರೆಗೆ ಉಳಿದಿದೆ, ಆಮೇಲಿನದು ಆಮೇಲೆ. ನನ್ನ ಕೆಲಸ ಮಾತ್ರ ಅಲ್ಲಿಗೇ ಮುಗಿಯಿತು. ಮನೆಯವರಿದ್ದ ಕಡೆ ಹೋಗುವ ಮುಂಚೆಯೇ ಹೇಳಬೇಕಿತ್ತು ಎಂದರು. ನನಗೇ ಗೊತ್ತಿರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು.

ಇಷ್ಟು ಹೇಳಲು ಈ ಕಾಗದ ಬೇಕಿರಲಿಲ್ಲ.

ನಿನ್ನ ಅಪ್ಪ ಬೇಡವೆನ್ನಲಿಲ್ಲ, ಶೈಲಾ. ಅವರು ವಾರವಿಡೀ ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಮೇಲೆ ಇರುತ್ತಿದ್ದರು, ಮನೆಗೆ ಬರುತ್ತಿದ್ದುದು ಭಾನುವಾರವಷ್ಟೇ. ನೀನು ಒಂಬತ್ತನೆಯದು ಮುಗಿಸಿದ ಬೇಸಿಗೆಯಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಯಾರದೋ ಜೊತೆ ಹೋದಳು. ಅಂಗಡಿಗೆ ಹೋದ ನೀನು ಅರ್ಧ ಗಂಟೆ ತಡವಾಗಿ ಬಂದರೂ ನಾನು ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದೆ. ನಾಲತವಾಡದ ಸಂಬಂಧವೂ ಆಗಲೇ ಬಂದಿತ್ತು. ಆದರೆ ಮಕ್ಕಳನ್ನು ಸಾಲಿಗೆ ಕಳಿಸಿರಿ ಎಂದು ಮನೆಮನೆಗೆ ಹೋಗುವ ನಾನೇ ಮಗಳನ್ನು ಬಿಡಿಸಿದೆನೆಂದು ಯಾರೂ ಅನ್ನಬಾರದಿತ್ತು, ನೀನೂ ಅನ್ನಬಾರದಿತ್ತು. ಅದಕ್ಕೆ ನಿನಗೆ, "ಅಪ್ಪ ಬ್ಯಾಡ ಅಂದಾರ" ಎಂದೆ. ಅವರಿಗೆ, "ಆಕಿಗೇ ಓದೂದು ಬ್ಯಾಡಾಗೇತಿ" ಎಂದೆ. ಇಬ್ಬರೂ ನನ್ನನ್ನು ನಂಬಿದಿರಿ. ಒಬ್ಬರನ್ನೊಬ್ಬರು ಕೇಳಲಿಲ್ಲ. ಭಾನುವಾರಗಳಲ್ಲಿ ನೀವಿಬ್ಬರೂ ಸುಮ್ಮನೆ ಉಣ್ಣುತ್ತಿದ್ದಿರಿ, ನಾನು ಬಡಿಸುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡಾಗ ನೀನು ಬಂದು ದೂರ ನಿಂತು ಮುಖ ನೋಡಿ, ಸಂಜೆಯ ಬಸ್ಸಿಗೆ ಹೋದೆ. ಒಂದು ಹನಿ ಅಳಲಿಲ್ಲ. ಆವತ್ತೂ ನಾನು ಬಾಯಿ ಬಿಡಲಿಲ್ಲ.

ಅರ್ಜಿಗಳ ಎಣಿಕೆಯಲ್ಲಿ ನಿನ್ನ ಕಾರಣಕ್ಕೆ ಗೆರೆ ಎಳೆಯಲು ನನ್ನಿಂದ ಆಗಲಿಲ್ಲ. ಬರೆದದ್ದು ಸುಳ್ಳು ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಿನಗೆ ಮನಸ್ಸಾದರೆ ಅದನ್ನು ಹೊಡೆದು ತಿದ್ದು. ನನ್ನ ಹೆಸರು ಹಾಕು.

ಉತ್ತರ ಬರೆಯಲೇಬೇಕೆಂದು ನಾನು ಅನ್ನುವುದಿಲ್ಲ. ಮಾರ್ಚಿನಲ್ಲಿ ಲೆಕ್ಕದ ಪರೀಕ್ಷೆ ತಪ್ಪಿಸಬೇಡ.

ನಿನ್ನ ಅವ್ವ,
ಭುವನೇಶ್ವರಿ

ಸಹಿ ಮಾಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ಮೂರು ದಿನ ನಿನ್ನನ್ನೇ ಕೇಳಿದರು. ಶೈಲಾನ ಕರಸು, ಓದು ಯಾಕ ಬ್ಯಾಡಂದಿ ಅಂತ ಒಮ್ಮಿ ಕೇಳ್ತೇನಿ ಎಂದರು. ನಿನಗೆ ಫೋನು ಹತ್ತುತ್ತಿಲ್ಲ ಎಂದು ಅವರಿಗೆ ಹೇಳಿದೆ. ನಾನು ಹಚ್ಚಿರಲೇ ಇಲ್ಲ.