ಬೋಳುತಲೆಯ ಗೊಂಬೆಗೆ ಲಂಗ

ಹ್ಯಾಲಿಫ್ಯಾಕ್ಸ್
ಗುರುವಾರ, 23 ನವೆಂಬರ್ 2017

ಪ್ರೀತಿಯ ಕ್ರೇಗ್,

ಹೇಗಿದ್ದೀಯ ಮಗನೇ? ನಿನ್ನ ಹೆಂಡತಿಯ ಕೆಮ್ಮು ಕಡಿಮೆಯಾಯಿತೇ? ಶನಿವಾರ ರಂಪವಾದ ದಿನವೇ ಬರೆಯಲು ಕೂತಿದ್ದೆ. ಬರೆದದ್ದೆಲ್ಲ ಬರೀ ಬೈಗುಳವಾಯಿತು, ಹರಿದು ಹಾಕಿದೆ. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನಂತೂ ಫೋನ್ ಎತ್ತುತ್ತಿಲ್ಲ. ಒಂದೇ ಬಸ್ಸಿನ ದೂರದಲ್ಲಿರುವ ಮಗನಿಗೆ ಅಂಚೆಚೀಟಿ ಹಚ್ಚುವ ಗತಿ ಬಂತಲ್ಲ ಎಂದು ನಗುವೂ ಬರುತ್ತದೆ, ಅಳುವೂ ಬರುತ್ತದೆ.

"ಮುಂದಿನ ಭಾನುವಾರದೊಳಗೆ ಆ ಗೊಂಬೆಯ ಲಂಗ ಬಿಚ್ಚಿಸು. ಇಲ್ಲಾಂದ್ರೆ ನಿನ್ನ ಮೊಮ್ಮಗ ಜೂಡ್ ಇನ್ನು ನಿನ್ನ ಮನೆ ಹೊಸಿಲು ತುಳಿಯಲ್ಲ" ಎಂದು ನಮ್ಮ ಬಟ್ಟೆ ಅಂಗಡಿಯೊಳಗೆ ಎಲ್ಲರೆದುರು ಹೇಳಿದೆಯಲ್ಲ, ಅದಕ್ಕೆ ಇದು ನನ್ನ ಉತ್ತರ.

ಮೊದಲು ಒಂದು ವಿಷಯ ತಿಳಿದುಕೋ. ಮಕ್ಕಳ ಬಟ್ಟೆಯ ಮಹಡಿಯಿಂದ 'ಹುಡುಗರು', 'ಹುಡುಗಿಯರು' ಎಂಬ ಫಲಕ ಇಳಿಸಿ, ಎಲ್ಲವನ್ನೂ ವಯಸ್ಸಿನ ಪ್ರಕಾರ ಒಟ್ಟಿಗೆ ತೂಗುಹಾಕಿ ಎಂದು ಮೇಲಿನವರು ಹೇಳಿದಾಗ ಎಲ್ಲರಿಗಿಂತ ಹೆಚ್ಚು ಗೊಣಗಿದವಳು ನಾನೇ. ಮಾಡಲು ಬೇರೆ ಕೆಲಸವಿಲ್ಲವೇ ಇವರಿಗೆ ಎಂದಿದ್ದೆ. ಕೌಂಟರಿನ ಪೌಲಿನ್‌ಗಂತೂ ಹಳೆಯ ಅಭ್ಯಾಸ ನಾಲಿಗೆಯಿಂದ ಹೋಗುವುದೇ ಇಲ್ಲ. ಮೊನ್ನೆ ಒಬ್ಬ ರೈತಗಿತ್ತಿಯನ್ನು "ಗಂಡು ಮಗೂಗಾ, ಹೆಣ್ಣು ಮಗೂಗಾ ಚಿನ್ನಾ?" ಎಂದು ಕೇಳಿಬಿಟ್ಟು ಬಾಯಿ ಮುಚ್ಚಿಕೊಂಡಳು. ಆಕೆ, "ಯಾವುದಾದ್ರೇನಮ್ಮಾ, ಕೆಸರಲ್ಲಿ ಹೊರಳೋ ಮಗೂಗೆ. ಗಟ್ಟಿಯಾಗಿರೋದು ಕೊಡು" ಎಂದಳು. ಪೌಲಿನ್ ದಿನವಿಡೀ ಅದನ್ನೇ ಹೇಳಿಕೊಂಡು ನಕ್ಕಳು.

ಅಂಗಡಿಯ ಕ್ರಿಸ್‌ಮಸ್ ಕಿಟಕಿ ಸಿಂಗರಿಸುವ ಕೆಲಸ ನನ್ನದು. ನಮ್ಮಲ್ಲಿರುವ ಮಕ್ಕಳ ಗೊಂಬೆಗಳೆಲ್ಲ ಒಂದೇ ಅಚ್ಚಿನವು, ಕ್ರೇಗ್. ಗುಂಗುರು ಕೂದಲ ವಿಗ್ ಇಟ್ಟರೆ ಹುಡುಗಿ, ಗಿಡ್ಡ ಕೂದಲಿನದು ಇಟ್ಟರೆ ಹುಡುಗ. ಈ ಸಲ ವಿಗ್ ಬೇಡ ಎಂದರು. ಬೋಳುತಲೆಯವನ್ನೇ ಹತ್ತಿಯ ಹಿಮದಲ್ಲಿ ನಿಲ್ಲಿಸಿದೆ. ಒಂದಕ್ಕೆ ಕೆಂಪು ಸ್ವೆಟರ್, ಮಳೆಬೂಟು, ಬೆಳ್ಳಿ ನಕ್ಷತ್ರಗಳ ನೀಲಿ ಲಂಗ. ಅಳತೆ ಸರಿಹೊಂದಿತು, ಬಣ್ಣ ಒಪ್ಪಿತು, ಅಷ್ಟೇ.

ಕಿಟಕಿಗೆ ಅಂಟಿಸಿದ ಕಂದು ಕಾಗದ ತೆಗೆಯುವುದು ಊರಿಗೇ ಹಬ್ಬ. ಅದರ ಮೊದಲ ತುದಿ ಎಳೆಯುವವನು ಪ್ರತಿ ವರ್ಷ ನಮ್ಮ ಜೂಡ್. ಈ ಸಲವೂ ನೀನು ಅವನ ಕೈ ಹಿಡಿದು ಬಂದೆ. ಇನ್ನೊಂದು ಕೈಯಲ್ಲಿ 'ಮಕ್ಕಳನ್ನು ಮಕ್ಕಳಾಗಿರಲು ಬಿಡಿ' ಎಂಬ ಫಲಕ, ಹಿಂದೆ ನಮ್ಮ ಮಹಡಿಯ ಬೋರ್ಡು ಇಳಿಸಿದ್ದಕ್ಕೆ ಸಿಟ್ಟಾದ ನಿನ್ನ ಗೆಳೆಯರ ಗುಂಪು. ಕಾಗದ ಬಿದ್ದದ್ದೇ ತಡ, ಯಾರೋ "ಹುಡುಗನಿಗೆ ಲಂಗ ಹಾಕಿಸಿದ್ದಾರೆ ನೋಡ್ರೋ!" ಎಂದು ಕೂಗಿದ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಎಲ್ಲರೂ ಅದನ್ನೇ ಕೂಗತೊಡಗಿದರು. ನೀನೂ ಕೂಗಿದೆ.

"ನಾಚಿಕೆ ಆಗಲ್ವಾ ಅಮ್ಮಾ ನಿಂಗೆ?"

"ಅದು ಹುಡುಗ ಅಂತ ನಿಂಗ್ಯಾರೋ ಹೇಳಿದ್ದು?"

"ಕಣ್ಣು ಕಾಣಲ್ವಾ? ತಲೆ ನೋಡು!"

"ತಲೆ ಬೋಳು ಕಣೋ! ಹೋದ ವರ್ಷ ಇದೇ ಗೊಂಬೆಗೆ ಎರಡು ಜಡೆ ಹಾಕಿ ನಿಲ್ಲಿಸಿದ್ದೆ. ಎಷ್ಟು ಮುದ್ದಾಗಿದ್ದಾಳೆ ಅಂತ ನೀನೇ ಫೋಟೋ ಹೊಡ್ಕೊಂಡೆ."

ಜನ ಗೊಳ್ಳೆಂದು ನಕ್ಕರು. ಆ ನಗು ನಿನಗೆ ಚುಚ್ಚಿತೆಂದು ನನಗೆ ಗೊತ್ತು. ನಿನ್ನ ಮುಖ ಕೆಂಪಾದದ್ದು ನೋಡಿ ನನಗೂ ಕರುಳು ಚುರುಕ್ಕೆಂದಿತು. ಅಷ್ಟರಲ್ಲಿ ನಿನ್ನ ಕಡೆಯವನೊಬ್ಬ ಗಾಜಿಗೆ ಮುಷ್ಟಿಯಿಂದ ಗುದ್ದಿದ. ಇಡೀ ಕಿಟಕಿ ನಡುಗಿತು. ಜೂಡ್ ಕಿರುಚಿದ. ಒಡೆದೇ ಹೋಯಿತು, ಚೂರು ಮಗುವಿನ ಮೇಲೆ ಬಿತ್ತು ಎಂದೇ ಅಂದುಕೊಂಡು ಅವನನ್ನು ಪಕ್ಕದ ಬಾಗಿಲಿನಿಂದ ಒಳಗೆ ಎಳೆದುಕೊಂಡೆ. ಪುಣ್ಯಕ್ಕೆ ಗಾಜು ಒಡೆದಿರಲಿಲ್ಲ. ಸ್ವಲ್ಪ ಹೊತ್ತಿಗೆ ನೀನು ಒಳಗೆ ನುಗ್ಗಿ ಅವನನ್ನು ಎತ್ತಿಕೊಂಡು, ಆ ಭಾನುವಾರದ ಮಾತು ಎಸೆದು ಹೋದೆ.

ಸೋಮವಾರ ಮ್ಯಾನೇಜರ್ ಕರೆದು, "ನಿಮ್ಮ ಕಿಟಕಿ, ನಿಮ್ಮಿಷ್ಟ ಮೇವಿಸ್. ಮನೇಲಿ ನೆಮ್ಮದಿ ಮುಖ್ಯ. ಬಿಚ್ಚಿದ್ರೂ ನಾನೇನೂ ಅನ್ನಲ್ಲ" ಎಂದರು. ಪ್ಯಾಂಟೊಂದು ಹಿಡಿದು ಕಿಟಕಿಯೊಳಗೆ ಹೋದೆ. ಲಂಗದ ಹಿಂದಿನ ಪಿನ್ನು ತೆಗೆದೂ ಆಗಿತ್ತು. ಹೊರಗೆ ನಿನ್ನ ಗುಂಪಿನವರಿಬ್ಬರು ಕೈಕಟ್ಟಿಕೊಂಡು ನೋಡುತ್ತಿದ್ದರು. ಜೂಡ್ ಇಲ್ಲದ ಭಾನುವಾರವನ್ನು ನೆನೆದೆ. ಆದರೆ ಲಂಗದ ನಕ್ಷತ್ರಗಳ ಮೇಲೆ ಕಣ್ಣು ಬಿದ್ದು, ಪಿನ್ನು ಮತ್ತೆ ಚುಚ್ಚಿ ಹೊರಗೆ ಬಂದೆ.

ಲಂಗ ಬಿಚ್ಚುವುದಿಲ್ಲ, ಕ್ರೇಗ್. ಹಟಕ್ಕಲ್ಲ. ನಿನ್ನನ್ನು ಸೋಲಿಸಿ ನನಗೇನಾಗಬೇಕು? ಭಾನುವಾರ ಮಧ್ಯಾಹ್ನ ಎಂದಿನಂತೆ ಬೀಫ್ ರೋಸ್ಟ್ ಮಾಡಿರುತ್ತೇನೆ, ನಿನಗೆ ಇಷ್ಟವಾದ ಗರಿಗರಿ ಪುಡ್ಡಿಂಗ್ ಇರುತ್ತದೆ. ಮೂವರ ತಟ್ಟೆಯನ್ನೂ ಇಟ್ಟಿರುತ್ತೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬರದಿದ್ದರೂ ನೀನು ನನ್ನ ಮಗನೇ. ಮೂವರೂ ಚೆನ್ನಾಗಿರಿ, ದೇವರು ಕಾಪಾಡಲಿ. ಚಳಿಯಲ್ಲಿ ಮಗುವಿನ ಕಿವಿ ಮುಚ್ಚಿ ಕಳಿಸು.

ಇಂತು ನಿನ್ನ
ಅಮ್ಮ

ಮರೆತದ್ದಲ್ಲ, ಬರೆಯಲು ಧೈರ್ಯವಾಗದೆ ಉಳಿಸಿಕೊಂಡದ್ದು: ಇದನ್ನು ಓದಿ ಜೂಡ್‌ನನ್ನು ಏನೂ ಕೇಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ, ಅವನನ್ನು ಬೈಯಬೇಡ. ಆವತ್ತು ನಾನು ಒಳಗೆ ಎಳೆದುಕೊಂಡ ಮೇಲೆ, ನೀನಿನ್ನೂ ಹೊರಗೆ ಕೂಗುತ್ತಿದ್ದಾಗ ಅವನು ಕಿಟಕಿಯೊಳಕ್ಕೆ ನುಸುಳಿ ಆ ಗೊಂಬೆಯ ಹಿಂದೆ ಬಚ್ಚಿಟ್ಟುಕೊಂಡು, ಲಂಗದ ಮೇಲಿನ ನಕ್ಷತ್ರವನ್ನು ಒಂದು ಬೆರಳಿನಿಂದ ಮುಟ್ಟುತ್ತಿದ್ದ. ನಿನ್ನ ದನಿ ಏರಿದಾಗ ಬೆರಳು ಹಿಂದಕ್ಕೆ ತೆಗೆದುಕೊಂಡು, ನನ್ನ ಕಿವಿಯಲ್ಲಿ ಕೇಳಿದ: "ಅಜ್ಜೀ, ಈ ಹುಡುಗನಿಗೆ ಅಪ್ಪ ಇಲ್ಲ ಅಲ್ವಾ?"