ಅರ್ಧ ಇಂಚು

ಮಾರ್ಚ್ ೧೨, ಬುಧವಾರ

ಇವತ್ತೂ ಅಂಗಿ ಬಟ್ಟೆಯನ್ನು ಅರ್ಧ ಇಂಚು ಹೆಚ್ಚಿಗೆ ಬಿಟ್ಟೇ ಕತ್ತರಿಸಿದೆ. ಅಂಗಡಿಯಲ್ಲಿ ನನ್ನ ಜೊತೆ ಹೊಲಿಯುತ್ತಿದ್ದ ಗೆಳೆಯ ಗುಂಡ ಸತ್ತು ತಿಂಗಳಾಯಿತು. ಅವನ ಹೊಲಿಗೆ ಮಷೀನಿನ ಮುಂದೆ ಈಗ ಅವನ ಹೆಂಡತಿ, ಅತ್ತಿಗೆ, ಕೂರುತ್ತಾರೆ.

"ಇಷ್ಟ್ಯಾಕೆ ಬಿಡ್ತೀರಿ?" ಎಂದರು.

ಹೇಳಿಬಿಟ್ಟೆ. ಕಣ್ಣು ಮಂಜಾಗಿ ಅವನ ಹೊಲಿಗೆ ಸೊಟ್ಟಗಾಗುತ್ತಿತ್ತು. ಸಂಜೆ ಅವನು ಹೋದಮೇಲೆ ಗುಟ್ಟಾಗಿ ಬಿಚ್ಚಿ, ಆ ಅರ್ಧ ಇಂಚಿನಲ್ಲಿ ನಾನೇ ಮತ್ತೆ ನೇರವಾಗಿ ಹೊಲಿಯುತ್ತಿದ್ದೆ. ಆರು ವರ್ಷ.

"ಅವರಿಗೆ ಗೊತ್ತಿತ್ತು. ಅದಕ್ಕೇ ಬೇಗ ಮನೆಗೆ ಬರ್ತಿದ್ರು. 'ನಾನು ಎದ್ದರೆ ತಾನೇ ಅವನು ಬಿಚ್ಚೋದು? ಪಾಪ, ಎಷ್ಟು ಹೊತ್ತಾಗುತ್ತೋ' ಅಂತಿದ್ರು."

ಬೇಗ ಎದ್ದು ಹೋಗುತ್ತಾನೆಂದು ಗಿರಾಕಿಗಳ ಎದುರೇ ಅವನನ್ನು ಮೈಗಳ್ಳ ಎಂದಿದ್ದೆ. ನಕ್ಕಿದ್ದ, ಕಳ್ಳ.

ಅತ್ತಿಗೆಯ ಹೊಲಿಗೆ ನೇರ. ನಾಳೆಯಿಂದ ಅರ್ಧ ಇಂಚು ಬಿಡಬೇಕಾಗಿಲ್ಲ. ಆದರೆ ಈ ಕೈ ಕೇಳಬೇಕಲ್ಲ…