ಅಳಿಯನ ನೌಕರಿ

ಕಂಪಾಲ, ಭಾನುವಾರ, 14 ಜುಲೈ

ಮುದ್ದಿನ ಮಗಳು ನಬುಕೀರಾಗೆ,

ಹೇಗಿದ್ದೀಯೆ? ಜೂಬಾದ ಬಿಸಿಲು ಹೇಗಿದೆ? ನೀನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೋ ಇಲ್ಲವೋ? ನಿನ್ನ ಬೆನ್ನುನೋವು ಇಳಿಯಿತೆ? ನಾನು ಗಟ್ಟಿಯಾಗಿದ್ದೇನೆ. ಈಗಲೂ ಮರೆತು ಇಬ್ಬರಿಗಾಗುವಷ್ಟು ಮಟೋಕೆ ಬಾಳೆಕಾಯಿ ಬೇಯಿಸಿಬಿಡುತ್ತೇನೆ, ಉಳಿದದ್ದು ನಿನ್ನಣ್ಣನ ಪಾಲು.

ನಿನ್ನ ಕಾಗದ ತಲುಪಿತು. ನಿನ್ನ ಗಂಡ ಸೆನ್ಯೊಂಡೋನ ಕೆಲಸ ಹೇಗಾದರೂ ಕಾಯಂ ಮಾಡಿಸು ಎಂದು ನೀನು ಬೇಡಿಕೊಂಡಿದ್ದೆ. ಅವನು ಗುಮಾಸ್ತನಾಗಿರುವ ವಿಮಾ ಕಚೇರಿಗೆ ನಾನು ಮ್ಯಾನೇಜರಾಗಿ ಬಂದಾಗಿನಿಂದ ಅವನ ಅವಸ್ಥೆ ನೀನು ನೋಡಬೇಕಿತ್ತು. ಅಳಿಯ ಅತ್ತೆಯ ಮುಖ ನೋಡಬಾರದು, ಅವಳನ್ನು ಮುಟ್ಟಬಾರದು; ಮುಟ್ಟಿದರೆ ಮೈಗೆ ನಡುಕ ಹತ್ತುತ್ತದೆ, ಸಂಬಂಧ ಮುರಿಯುತ್ತದೆ. ಸರಿ, ಹಿರಿಯರ ಕಟ್ಟಳೆ. ಆದರೆ ಕಚೇರಿಯಲ್ಲಿ? ನಾನು ಎದುರಿಗೆ ಬಂದರೆ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಲೆಕ್ಕ ಒಪ್ಪಿಸುವುದು ಬೀರುವಿನ ಹಿಂದಿನಿಂದ, ಕಡತ ಕಳಿಸುವುದು ಚಹಾದವಳ ಕೈಯಲ್ಲಿ. ಗಿರಾಕಿಗಳು ಮುಸಿಮುಸಿ ನಗುತ್ತಿದ್ದರು. ಇಂಥವನನ್ನು ಕಟ್ಟಿಕೊಂಡೆಯಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಅಂದೇ ಬೇಡವೆಂದಿದ್ದೆ, ನೀನು ಕೇಳಲಿಲ್ಲ.

ಹೋದ ವಾರ ನೈರೋಬಿಯಿಂದ ಮುಟಿಂಡಾ ಎಂಬ ತರಬೇತುದಾರ ಬಂದಿದ್ದ, ನಮಗೆಲ್ಲ ಕಚೇರಿಯ ಮಾತು ನಡತೆ ಕಲಿಸಲು. ಗಿರಾಕಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ, ಕೈ ಗಟ್ಟಿಯಾಗಿ ಕುಲುಕಿ, ತಡವರಿಸಬೇಡಿ ಎಂದು ಬೆಳಗಿಡೀ ಹೇಳಿದ. ಒಳ್ಳೆಯ ಪಾಠವೇ. ಕೊನೆಗೆ ಇಬ್ಬಿಬ್ಬರು ಎದುರುಬದುರು ನಿಂತು ಮಾಡಿ ತೋರಿಸಬೇಕು, ತೇರ್ಗಡೆಯಾದವರ ಕೆಲಸ ಮಾತ್ರ ಕಾಯಂ ಎಂದ. ಪಾಪ, ಹೊರಗಿನವನಿಗೆ ನಮ್ಮ ರೀತಿ ಏನು ಗೊತ್ತು? ಸೆನ್ಯೊಂಡೋ ಮೂಲೆಯ ಮುದುಕ ಗುಮಾಸ್ತನ ಜೊತೆ ನಿಲ್ಲಲು ಓಡಿದ. ಆ ಮುದುಕನನ್ನು ಪಕ್ಕಕ್ಕೆ ಸರಿಸಿ ನಾನೇ ಹೋಗಿ ಅವನೆದುರು ನಿಂತೆ.

ಅವನು ನೆಲ ನೋಡುತ್ತ, "ಬೇರೆ ಯಾರ್ ಜೊತೆ ಬೇಕಾದ್ರೂ ನಿಲ್ಸಿ ಅಮ್ಮಾ, ಇದೊಂದ್ ಮಾಡಿಸ್ಬೇಡಿ" ಎಂದ.

"ಇಲ್ಲಿ ಅತ್ತೆ ಯಾರೂ ಇಲ್ಲಪ್ಪ, ಮ್ಯಾನೇಜರ್ ಇದಾರೆ. ಕೆಲ್ಸ ಬೇಕೋ ಬೇಡ್ವೋ?" ಎಂದೆ.

ನಮ್ಮವರೆಲ್ಲ ನೋಡುತ್ತಿದ್ದರು. ಬಾಯೊಳಗೇ ನಿನ್ನ ಹೆಸರು ಹೇಳಿಕೊಂಡ, ನನಗೆ ಕೇಳಿಸಿತು. ಆಮೇಲೆ ತಲೆಯೆತ್ತಿ ನನ್ನ ಕಣ್ಣು ನೋಡಿದ, ಕೈ ಹಿಡಿದು ಕುಲುಕಿದ. ಕಣ್ಣೀರು ಇಳಿಯುತ್ತಿತ್ತು, ಆದರೂ ಒಂದು ಮಾತೂ ತಡವರಿಸಲಿಲ್ಲ. ಮುಟಿಂಡಾ ಚಪ್ಪಾಳೆ ತಟ್ಟಿದ. ಸಂಜೆಯೇ ಕೆಲಸ ಕಾಯಂ ಮಾಡಿ ರುಜು ಹಾಕಿದೆ.

ಬಿಸಿಲಿಗೆ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೋ. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಹೆತ್ತ ತಾಯಿ,
ಪ್ರೊಸ್ಕೋವಿಯಾ ನಕಿಟೆಂಡೆ

ಮರೆತಿದ್ದೆ, ಈ ಕಾಗದ ಒಯ್ಯುವ ಜೂಬಾ ಬಸ್ಸು ಹೊರಡುವುದರಲ್ಲಿದೆ. ನಡೆದದ್ದನ್ನು ಕುಲದ ಹಿರಿಯರಿಗೆ ನಾನೇ ಹೋಗಿ ತಿಳಿಸಿದೆ. ಅತ್ತೆಯ ಕೈ ಹಿಡಿದವನು ಇನ್ನು ಅಳಿಯನಲ್ಲ ಎಂದು ತೀರ್ಪಾಯಿತು. ನನಗೂ ಒಂದು ಆಡು ದಂಡ ಬಿತ್ತು, ಕೊಟ್ಟೆ, ದುಬಾರಿಯೇನಲ್ಲ. ಹೆಣ್ಣು ಕೇಳಲು ಬಂದ ದಿನ ಅವನು ತಂದಿದ್ದ ಹುಂಜಕ್ಕೆ ಬದಲಾಗಿ ಇನ್ನೊಂದು ಹುಂಜವನ್ನು ನಿನ್ನಣ್ಣ ಅವನ ಬಾಗಿಲಲ್ಲಿ ಬಿಟ್ಟು ಬಂದ. ಹುಂಜ ಮರಳಿದ ಮೇಲೆ ಮದುವೆಯೂ ಮುಗಿದ ಹಾಗೆ. ನೀನು ಬಂದರೆ ನೇರ ನಮ್ಮ ಮನೆಗೇ ಬಾ. ಅವನು ದಿನವೂ ಕಚೇರಿಗೆ ಬರುತ್ತಾನೆ, ಈಗ ನನ್ನ ಮುಖ ನೋಡಿಯೇ ಮಾತಾಡುತ್ತಾನೆ. ನೀನು ಕೇಳಿದ್ದು ಕೆಲಸ ತಾನೆ, ಕೊಡಿಸಿದ್ದೇನೆ.